ಮುಟುರು ರೋಗದ ಪೂರ್ವೋತ್ತರ

ಎಲೆ ಮುದುಡಿ, ಗೆಣ್ಣುಗಳು ಒತ್ತೊತ್ತಾಗಿ ಕೂಡಿಕೊಂಡು, ಹೂವು ಕಾಯಿಕಟ್ಟುವ ಮೊದಲೇ ಉದುರಿ, ಮೆಣಸಿನಗಿಡವು ಕುಬ್ಜವಾಗಿ ನಿಂತುಬಿಡುವ ವ್ಯಾಧಿಯನ್ನು ನಮ್ಮಲ್ಲಿ ಮುಟುರು ರೋಗವೆಂದು ಕರೆಯುತ್ತ ಬಂದಿರುವರು. ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಜರ ಕೈಯಿಂದ ಈ ನೆಲಕ್ಕೆ ಬಂದಿಳಿದ ಅಮೆರಿಕದ ಈ ಮೆಣಸಿನಕಾಯಿ ಗಿಡವು ಕರಿಮೆಣಸಿನ ಪೀಠವನ್ನೇ ಆಕ್ರಮಿಸಿ, ಬ್ಯಾಡಗಿಯಂಥ ಊರಿಗೆ ದೇಶವಿಖ್ಯಾತಿಯನ್ನು ತಂದುಕೊಟ್ಟ ವೃತ್ತಾಂತವು ಎಲ್ಲರೂ ಬಲ್ಲುದೇ. ಅದರ ಬೆನ್ನು ಹಿಡಿದ ವ್ಯಾಧಿಯ ವೃತ್ತಾಂತವನ್ನು ಬಲ್ಲವರು ವಿರಳ.

ಆ ವೃತ್ತಾಂತದ ವೈಚಿತ್ರ್ಯವೇನೆಂದರೆ, ಅಪರಾಧಿಯು ಸಿಕ್ಕಿದನೆಂದು ವಿದ್ವಾಂಸರು ಸಾರಿದಾಗಲೆಲ್ಲ ಅವರ ಮಾತು ಸತ್ಯವೇ ಆಗಿತ್ತು, ಆದರೆ ಪೂರ್ಣಸತ್ಯವಾಗಿರಲಿಲ್ಲ. 1922ರಲ್ಲಿ ಜಿ. ಎಸ್. ಕುಲಕರ್ಣಿಯವರು ಮುಟುರಿನ ‘ಮುರ್ಡಾ’ ಎಂಬ ಇನ್ನೊಂದು ಹೆಸರಿನಿಂದಲೇ ಈ ರೋಗವನ್ನು ಕುರಿತು ಲೇಖನ ಬರೆದು, ಬರಿಗಣ್ಣಿಗೆ ಗೋಚರವಾಗದ ಮೈಟ್ ನುಸಿಯನ್ನು ಅದರ ಕಾರಣವೆಂದು ನಿರ್ದೇಶಿಸಿದರು. 1935ರಲ್ಲಿ ಟಿ. ವಿ. ರಾಮಕೃಷ್ಣ ಅಯ್ಯರ್ ಮತ್ತು ಅವರ ಸಹೋದ್ಯೋಗಿಗಳು ಗುಂಟೂರು, ಮಧುರೆ ಸೀಮೆಗಳ ಹೊಲಗಳನ್ನು ಪರೀಕ್ಷಿಸಿ, ಅಲ್ಲಿನ ಮುಟುರಿಗೆ ಥ್ರಿಪ್ಸ್ ನುಸಿಯೇ ಮೂಲವೆಂದರು. ಗಂಧಕದ ಪುಡಿ ಎರಚಿದಲ್ಲಿ ಮೈಟ್ ತಗ್ಗಿ ಗಿಡ ಚೇತರಿಸಿಕೊಂಡಾಗ ಮೊದಲನೆಯ ಪಕ್ಷ ಗೆದ್ದಂತೆ ತೋರುವುದು. ಅದೇ ಗಂಧಕವು ಪಕ್ಕದ ಹೊಲದಲ್ಲಿ ವ್ಯರ್ಥವಾದಾಗ ವಾದ ಮತ್ತೆ ಮೊದಲಾಗುವುದು.

ಮೂರನೆಯ ಅಪರಾಧಿ ಅಷ್ಟರಲ್ಲಿ ಪರದೇಶಗಳಲ್ಲಿ ಬೆಳಕಿಗೆ ಬರುತ್ತಲಿದ್ದನು. ತಂಬಾಕಿನ ಬಿಳಿನೊಣಕ್ಕೆ 1889ರಲ್ಲಿ ಗ್ರೀಸಿನಲ್ಲಿ ಗೆನ್ನಾಡಿಯಸ್ ನಾಮಕರಣ ಮಾಡಿದ್ದನು. ವೈರಾಣುವಿರುವ, ಸೋಸಿದರೂ ಸೋಂಕು ಬಿಡದ ಸಸ್ಯರಸವನ್ನು 1898ರಲ್ಲಿ ಬೈಯರಿಂಕ್ ಹಾಲೆಂಡಿನಲ್ಲಿ ವಿವರಿಸಿದ್ದನು. ಇವೆರಡರ ನಂಟನ್ನು 1931ರಲ್ಲಿ ಸುಡಾನಿನ ಹತ್ತಿಹೊಲಗಳಲ್ಲಿ ಕರ್ಕ್‌ಪ್ಯಾಟ್ರಿಕ್ ಗುರುತಿಸಿ, ಹತ್ತಿಯ ಎಲೆಮುಟುರನ್ನು ಒಯ್ಯುವುದು ಬಿಳಿನೊಣವೆಂದು ತೋರಿಸಿದನು. ನಮ್ಮ ಮೆಣಸಿನ ಗಿಡದಲ್ಲಿಯೂ ಅಂಥ ವೈರಾಣುವೊಂದು ಇರುವುದೆಂಬ ನಿಶ್ಚಯ ಕ್ರಮೇಣ ಉಂಟಾಯಿತು. ಜೋಡಿಕಣಗಳ ರೂಪದಲ್ಲಿರುವ ಈ ವೈರಾಣುವು ರೋಗಿಷ್ಠ ಗಿಡದ ರಸವನ್ನು ಹೀರಿದ ನೊಣದ ಕರುಳನ್ನು ದಾಟಿ ಜೊಲ್ಲಿಗೆ ಸೇರುವುದು. ಅನಂತರ ಆ ನೊಣ ಕುಳಿತ ಎಳೆಯ ಸಸಿಗೆ ಸೋಂಕು ತಪ್ಪದು.

ಎಲೆಯನ್ನು ಕೈಯಲ್ಲಿ ಹಿಡಿದು ನೋಡಬಲ್ಲವರಿಗೆ ಮೂವರ ಗುರುತೂ ಬೇರೆಬೇರೆ. ಅಂಚುಗಳು ದೋಣಿಯಂತೆ ಮೇಲಕ್ಕೆ ಮಡಿಚಿದ್ದರೆ ಅದು ಥ್ರಿಪ್ಸಿನದು. ಕೆಳಮುಖವಾಗಿ ಮುದುಡಿ ತೊಟ್ಟು ನೀಳವಾಗಿದ್ದರೆ ಮೈಟಿನದು. ನರಗಳು ದಪ್ಪವಾಗಿ ಹಳದಿಗೂಡಿ, ಪುಟ್ಟ ಎಲೆಗಳು ತುದಿಯಲ್ಲಿ ಗೊಂಚಲುಗಟ್ಟಿದ್ದರೆ ವೈರಾಣುವಿನದು. ಒಂದೇ ಗಿಡದಲ್ಲಿ ಮೂವರೂ ಮನೆಮಾಡಿದಾಗ ಮಾತ್ರ ಪಂಡಿತನೂ ತಡವರಿಸುವನು. ಆದುದರಿಂದ ಎಲ್ಲವನ್ನೂ ಒಂದೇ ಹೆಸರಿನಿಂದ ಕರೆದ ರೈತನ ವಿವೇಕವನ್ನು ಹಗುರಾಗಿ ಕಾಣಲಾಗದು.

ಧಾರವಾಡ ಸೀಮೆಯ ಎರೆಭೂಮಿಯಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿ, ಹತ್ತಿಗಳನ್ನು ಒಂದೇ ಹೊಲದಲ್ಲಿ ಬೆಳೆಯುವುದು ಹಳೆಯ ಪದ್ಧತಿ. ಒಂದು ಕೈಕೊಟ್ಟರೆ ಇನ್ನೊಂದು ಕಾಯುವುದೆಂಬ ಮಳೆಯಾಶ್ರಿತರ ಜಾಣ್ಮೆ ಅದರಲ್ಲಿತ್ತು. ಬಿಳಿನೊಣಕ್ಕೆ ಹತ್ತಿಯು ಪರಮಪ್ರಿಯವಾದುದರಿಂದ ಶತ್ರುವಿಗೆ ಛತ್ರವನ್ನು ಕಟ್ಟಿಕೊಟ್ಟಂತೆಯೂ ಆಗಿತ್ತು. ಹಾಗೆಂದು ಆ ಪದ್ಧತಿಯನ್ನು ದೂರಲು ನನಗೆ ಮನಸ್ಸು ಬಾರದು, ಏಕೆಂದರೆ ನೊಣದ ಹಾವಳಿಯನ್ನು ಇಮ್ಮಡಿಸಿದುದು ಹಳಬರ ರೂಢಿಗಿಂತ ಹೊಸಬರ ಔಷಧ. 1980ರ ದಶಕದ ನಡುಭಾಗದಲ್ಲಿ, ಪೈರಿಥ್ರಾಯ್ಡ್ ಕೀಟನಾಶಕಗಳ ಬಳಕೆ ವಿಪರೀತವಾದ ಆಂಧ್ರದ ಹತ್ತಿಹೊಲಗಳಲ್ಲಿ ಬಿಳಿನೊಣ ಉಲ್ಬಣಿಸಿ ರೈತರನ್ನು ಕಂಗೆಡಿಸಿತು. ನೊಣವನ್ನು ತಿನ್ನುವ ಹುಳುಗಳು ಮೊದಲು ಸತ್ತವು, ನೊಣ ಉಳಿಯಿತು. ‘ಎಣ್ಣೆ ಹೊಡೆದರೆ ಸರಿಹೋದೀತು’ ಎಂಬ ನಂಬಿಕೆ ಇಂದಿಗೂ ಅಳಿದಿಲ್ಲ.

ವೈರಾಣು ಹೊಕ್ಕ ಗಿಡಕ್ಕೆ ಯಾವ ಎಣ್ಣೆಯೂ ಮದ್ದಲ್ಲ. ಸಸಿಮಡಿಗೆ ನೈಲಾನ್ ಪರದೆ ಹೊದಿಸುವುದು, ಹೊಲದ ಸುತ್ತ ಗೋವಿನಜೋಳದ ಸಾಲು ಬಿತ್ತುವುದು, ರೋಗ ಕಂಡ ಗಿಡವನ್ನು ಕೂಡಲೇ ಕಿತ್ತು ಸುಡುವುದು, ಕೃಷಿತಜ್ಞರು ಹೇಳುವ ಮುಖ್ಯ ದಾರಿಗಳು ಇವು. ಇವುಗಳಲ್ಲಿ ಕಡೆಯದು ಹೇಳಲು ಸುಲಭ, ನಡೆಸಲು ಕಠಿನ. ನಾಲ್ಕು ಕಾಯಿಯನ್ನಾದರೂ ಕೊಟ್ಟೀತೆಂಬ ಆಸೆಯಿಂದ ಒಬ್ಬನು ಉಳಿಸಿಕೊಂಡ ಗಿಡದಿಂದಲೇ ನೊಣವು ಬದುವನ್ನು ದಾಟಿ ನೆರೆಯವನ ಹೊಲಕ್ಕೆ ಹಾರುವುದು.