ಹಲ್ಲುಹಳಿಯ ಮೇಲೆ ಉದಕಮಂಡಲಕ್ಕೆ

ಉದಕಮಂಡಲವನ್ನು ನೋಡದ ಮೈಸೂರಿನವರು ವಿರಳ. ಗುಂಡ್ಲುಪೇಟೆ, ಬಂಡೀಪುರಗಳನ್ನು ದಾಟಿ, ಘಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು ಊರು ಸೇರುತ್ತೇವೆ. ಕೆರೆ, ಸಸ್ಯೋದ್ಯಾನ ನೋಡುತ್ತೇವೆ. ಮಕ್ಕಳ ಒತ್ತಾಯಕ್ಕೆ ಕೂನೂರಿನ ತನಕ ಪುಟ್ಟ ರೈಲಿನಲ್ಲಿ ಕುಳಿತು, ನೀಲಗಿರಿಯ ರೈಲನ್ನು ಕಂಡೆವೆಂದು ಮರಳುತ್ತೇವೆ. ನಿಜವಾಗಿ ನಾವು ಕಂಡದ್ದು ಅದರ ಬಾಲವನ್ನು ಮಾತ್ರ. ಬೆನ್ನೆಲುಬು ಇರುವುದು ಕೂನೂರಿನಿಂದ ಕೆಳಗೆ.

ಈ ಸೀಮೆ ನಮಗೆ ತೀರ ಹೊರಗಿನದಲ್ಲ. ಟಿಪ್ಪುವಿನ ಪತನವಾದ ೧೭೯೯ರಲ್ಲಿ ನೀಲಗಿರಿ ಕಂಪೆನಿಯ ಕೈಸೇರಿತು. ಅಲ್ಲಿಯ ಬಡಗರ ಹೆಸರಿನಲ್ಲಿಯೇ ಬಡಗು ದಿಕ್ಕು ಅಡಗಿದೆ. ಹಿಂದೆ ಮೈಸೂರು ಸೀಮೆಯಿಂದ ಬಂದವರು ತಾವೆಂಬ ನಂಬಿಕೆ ಅವರಲ್ಲುಂಟು. ಅವರ ಮಾತಿಗೆ ಕಿವಿಗೊಟ್ಟರೆ ಕನ್ನಡದ ಅರೆಪರಿಚಿತ ದನಿ ಕೇಳಿಸುತ್ತದೆ. ೧೮೧೯ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಬೆಟ್ಟವೇರಿದನು. ತೋಡರಿಂದ ನೆಲ ಕೊಂಡು ಉದಕಮಂಡಲದಲ್ಲಿ ಕಲ್ಲುಮನೆ ಕಟ್ಟಿಸಿದನು. ಕ್ರಮೇಣ ಮದರಾಸಿನ ಸರ್ಕಾರವೇ ಬೇಸಿಗೆಗೆ ಅಲ್ಲಿಗೆ ಏರತೊಡಗಿತು. ಏರುವುದೆಂದರೆ ಕುದುರೆ, ಡೋಲಿ, ಎತ್ತಿನ ಗಾಡಿ. ಡೋಲಿಯಲ್ಲಿ ಕುಳಿತವರು ಬೆಟ್ಟದ ತಂಪನ್ನು ವರ್ಣಿಸಿ ಬರೆದರು, ಹೊತ್ತವರು ಬರೆಯಲಿಲ್ಲ.

ರೈಲಿನ ಮಾತು ೧೮೫೪ರಲ್ಲಿಯೇ ಎದ್ದಿತ್ತು. ಕೈಗೂಡಿದ್ದು ಬಹುಕಾಲದ ಮೇಲೆ: ಬೆಟ್ಟದ ಬುಡದ ಮೆಟ್ಟುಪಾಳಯದಿಂದ ಕೂನೂರಿಗೆ ೧೮೯೯ರಲ್ಲಿ, ಉದಕಮಂಡಲಕ್ಕೆ ೧೯೦೮ರಲ್ಲಿ. ೪೬ ಕಿಲೋಮೀಟರ್ ದಾರಿಯಲ್ಲಿ ಗಾಡಿ ೩೨೬ ಮೀಟರ್ ಎತ್ತರದಿಂದ ೨,೨೦೩ ಮೀಟರಿಗೆ ಏರಬೇಕು. ಕಲ್ಲಾರಿನಿಂದ ಕೂನೂರಿನ ನಡುವೆ, ಏರು ಕಡಿದಾದ ಕಡೆ, ಹನ್ನೆರಡು ಅಡಿ ಮುಂದೆ ಸಾಗಿದರೆ ಸುಮಾರು ಒಂದು ಅಡಿ ಮೇಲಕ್ಕೆ. ನುಣುಪು ಹಳಿಯ ಮೇಲೆ ನುಣುಪು ಚಕ್ರ ಅಲ್ಲಿ ಜಾರದೆ ಇದ್ದೀತೆ?

ಉಪಾಯ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ರೋಮನ್ ಆಬ್ಟ್‌ನದು. ಹಳಿಗಳ ನಡುವೆ ನೋಡಿ: ಗರಗಸದಂತೆ ಹಲ್ಲುಗಳುಳ್ಳ ಎರಡು ಉಕ್ಕಿನ ಪಟ್ಟಿಗಳು ಜೋಡಿಯಾಗಿ ಓಡುತ್ತವೆ. ಒಂದರ ಹಲ್ಲಿಗೆ ಎದುರಾಗಿ ಇನ್ನೊಂದರ ಸಂದು. ಎಂಜಿನಿನ ಅಡಿಯ ಹಲ್ಲುಗಾಲಿಗಳು ಒಂದು ಪಟ್ಟಿಯ ಹಲ್ಲನ್ನು ಬಿಡುವ ಹೊತ್ತಿಗೆ ಇನ್ನೊಂದರದನ್ನು ಹಿಡಿದಿರುತ್ತವೆ. ಗುಡ್ಡ ಹತ್ತುವವನು ಒಂದು ಕೈ ಬಿಡುವ ಮುನ್ನ ಇನ್ನೊಂದರಿಂದ ಬೇರು ಹಿಡಿಯುವ ಹಾಗೆ. ಎಂಜಿನಿಗೆ ಸಿಲಿಂಡರುಗಳು ನಾಲ್ಕು: ಎರಡು ಸಾಧಾರಣ ಚಕ್ರಗಳಿಗೆ, ಎರಡು ಹಲ್ಲುಗಾಲಿಗಳಿಗೆ. ಮೊದಲ ಜೋಡಿಯಲ್ಲಿ ದುಡಿದ ಹಬೆಯೇ ಎರಡನೆಯದರಲ್ಲಿಯೂ ದುಡಿಯುತ್ತದೆ. ಅಕ್ಕಿ ತೊಳೆದ ನೀರನ್ನು ಗಿಡಕ್ಕೆ ಸುರಿಯುವ ನಮ್ಮ ಮನೆವಾರ್ತೆಯ ಜಾಣತನವೇ ಇದು! ಈ ಮಾದರಿಯ ಮೊದಲ ಎಂಜಿನುಗಳು ಬಂದದ್ದು ಸ್ವಿಟ್ಜರ್ಲೆಂಡಿನಿಂದ. ಇತ್ತೀಚಿನವು ತಿರುಚಿನಾಪಳ್ಳಿಯ ಗೋಲ್ಡನ್ ರಾಕ್ ಕಾರ್ಖಾನೆಯಲ್ಲಿ ತಯಾರಾದವು.

ಏರುವಾಗ ಎಂಜಿನು ಹಿಂದಿರುತ್ತದೆ. ಎಳೆಯುವುದಿಲ್ಲ, ದೂಡುತ್ತದೆ, ಕೊಂಡಿ ಕಳಚಿದರೂ ಡಬ್ಬಿಗಳು ಕಣಿವೆಗೆ ಉರುಳಬಾರದಲ್ಲ! ಆದ್ದರಿಂದ ಚಾಲಕನಿಗೆ ಮುಂದಿನ ದಾರಿ ಕಾಣದು. ಡಬ್ಬಿಯ ತುದಿಯಲ್ಲಿ ಬ್ರೇಕಿನವನು ನಿಂತು ಬಾವುಟ ಬೀಸುತ್ತಾನೆ. ನೀವು ಜಲಪಾತ ನೋಡುತ್ತಿರುವಾಗ ಅವನು ಹಳಿಯನ್ನು ನೋಡುತ್ತಿರುತ್ತಾನೆ.

ಯುನೆಸ್ಕೋ ೨೦೦೫ರಲ್ಲಿ ಈ ದಾರಿಯನ್ನು ವಿಶ್ವಪರಂಪರೆಗೆ ಸೇರಿಸಿತು. ಮುಂದಿನ ಸಲ ಚಾಮರಾಜನಗರ, ಸತ್ಯಮಂಗಲದ ಮೇಲೆ ಮೆಟ್ಟುಪಾಳಯಕ್ಕೆ ಇಳಿದು, ಬೆಳಗಿನ ಗಾಡಿ ಹತ್ತಿ. ಐದು ಗಂಟೆಯಷ್ಟು ಹಿಡಿಯುತ್ತದೆ, ಅವಸರದವರಿಗೆ ಹೇಳಿದ್ದಲ್ಲ. ಹಿಂಗಾರಿನಲ್ಲಿ ಗುಡ್ಡ ಕುಸಿದು ದಾರಿ ಕಟ್ಟುವುದುಂಟು, ವಿಚಾರಿಸಿಕೊಂಡೇ ಹೊರಡಿ. ಕೂನೂರಿನಲ್ಲಿ ಸಾಮಾನ್ಯವಾಗಿ ಉಗಿಯ ಎಂಜಿನನ್ನು ಕಳಚಿ ಡೀಸೆಲ್ ಎಂಜಿನು ಹೂಡುತ್ತಾರೆ. ಅಲ್ಲಿಂದಾಚೆಗೆ ಹಲ್ಲುಪಟ್ಟಿಯಿಲ್ಲ. ಆ ಕೆಲವು ನಿಮಿಷ ಕೆಳಗಿಳಿದು, ಹಬೆಯಾಡುತ್ತ ನಿಂತ ಎಂಜಿನಿನ ಪಕ್ಕಕ್ಕೆ ಹೋಗಿ. ಒಂದರ ಮೇಲೊಂದು ಕುಳಿತ ಆ ಎರಡು ಸಿಲಿಂಡರುಗಳನ್ನು ಮಕ್ಕಳಿಗೆ ತೋರಿಸಿ.