ನೊಗದಿಂದ ಕೊಕ್ಕೆಗೆ: ತ್ಯಾವಣಿಗೆ ಸೀಮೆಯ ಎಳೆಬಂಡಿಗಳನ್ನು ಕುರಿತು ಒಂದು ವಿಚಾರ

ಸಾರಿಗೆಯ ಇತಿಹಾಸವನ್ನು ಬರೆದವರು ಎಳೆಯುವ ಪ್ರಾಣಿಯನ್ನೂ ಯಂತ್ರವನ್ನೂ ಕುರಿತು ಸಾಕಷ್ಟು ಹೇಳಿದ್ದಾರೆ. ಎಳೆಯುವುದನ್ನು ಬಂಡಿಯೊಡನೆ ಕೂಡಿಸುವ ಕೀಲಿನ ಕಡೆಗೆ ಅವರ ಗಮನ ಹರಿದುದು ಕಡಮೆ. ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯ ಸೀಮೆಯನ್ನು ಮುಂದಿಟ್ಟುಕೊಂಡು ಆ ಕೀಲಿನ ವಿಷಯವನ್ನು ನಾವು ಇಲ್ಲಿ ವಿಚಾರಿಸುತ್ತೇವೆ.

ಎತ್ತಿನ ಗಾಡಿಗೆ ಕೀಲೆಂದರೆ ನೊಗ. ಗಾಡಿಗೆ ಇರುವುದು ಒಂದೇ ಅಚ್ಚು. ಹೇರು ಅಚ್ಚಿನಿಂದ ಮುಂದಕ್ಕೆ ಮಿತಿಮೀರಿದರೆ ಎತ್ತುಗಳ ಹೆಗಲು ಕುಸಿಯುತ್ತದೆ. ಹಿಂದಕ್ಕೆ ಹೆಚ್ಚಿದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಗಂಟಲನ್ನು ಒತ್ತುತ್ತದೆ. ಎತ್ತು ತಡವರಿಸಿತೆಂದರೆ ಗಾಡಿಯವನು ಇಳಿದು ಒಂದೆರಡು ಮೂಟೆಗಳನ್ನು ಸರಿಸುತ್ತಾನೆ. ಭಾರವನ್ನು ತೂಗುವ ತಕ್ಕಡಿ ಆ ಹೆಗಲೇ ಆಗಿತ್ತು.

ಈ ಹೆಗಲಿನ ಬೆಲೆಯನ್ನು ಮೈಸೂರಿನ ಅರಸರು ಬಲ್ಲವರಾಗಿದ್ದರು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯು ಹೈದರಾಲಿಯ ಕಾಲದಲ್ಲಿ ಸೇನೆಗೆ ಎತ್ತುಗಳನ್ನೊದಗಿಸಿತು. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟನು. ಅದರ ಕಾವಲುಗಳಿದ್ದ ಅಜ್ಜಂಪುರ ಚನ್ನಗಿರಿ ಸೀಮೆಗೆ ದೂರದ್ದಲ್ಲ. 1799ರ ಬಳಿಕ ಮಂದೆಗಳು ಕಂಪನಿಯ ಕೈಸೇರಿದವು. 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಅವನ್ನು ಮಾರಿದ ಸರಕಾರವೇ 1866ರಲ್ಲಿ ಮತ್ತೆ ಕೂಡಿಸಬೇಕಾಯಿತು. (ಮಿತವ್ಯಯದ ಚರಿತ್ರೆಯಲ್ಲಿ ಇಂಥವು ಅಪರೂಪವಲ್ಲ.) ಇಲ್ಲಿ ಗಮನಾರ್ಹವಾದುದು ಆ ಕಾಲದ ತೋಪುಗಳ ಸಾಗಣೆ. ಎರಡು ಚಕ್ರದ ತೋಪುಗಾಡಿಯ ಬಾಲವನ್ನು ಎರಡು ಚಕ್ರದ ಮುಂಗಾಡಿಯ ಕೀಲಿಗೆ ತೊಡಿಸಿ, ಎತ್ತುಗಳನ್ನು ಮುಂಗಾಡಿಗೆ ಹೂಡುತ್ತಿದ್ದರು. ಇಂದಿನ ಟ್ರೇಲರಿನ ಕೊಕ್ಕೆಗೆ ಪೂರ್ವಜ ಈ ಕೀಲೇ ಹೊರತು ನೊಗವಲ್ಲವೆಂಬುದು ನಮ್ಮ ಅಭಿಪ್ರಾಯ.

ಭದ್ರಾ ನಾಲೆಯ ನೀರಿನಿಂದ ಈ ಭಾಗದಲ್ಲಿ ಭತ್ತವೂ ಕಬ್ಬೂ ಬೆಳೆದವು; ಕ್ರಮೇಣ ಹೇರು ಗಾಡಿಯಿಂದ ಟ್ರ್ಯಾಕ್ಟರಿನ ಟ್ರೇಲರಿಗೆ ದಾಟಿತು. ಒಂದು ಪಿನ್ನು ಹೆಗಲಿನ ಸ್ಥಾನವನ್ನು ಆಕ್ರಮಿಸಿತು. ಪಿನ್ನಿಗೆ ನೋವಿಲ್ಲ. ಒಂದಚ್ಚಿನ ಟ್ರೇಲರಿನಲ್ಲಿ ಹಿಂಭಾರ ಹೆಚ್ಚಾದರೂ ಹೊರಡುವಾಗ ಏನೂ ತೋರದು. ವೇಗ ಏರಿದಾಗ, ವಿಶೇಷವಾಗಿ ಇಳಿಜಾರಿನಲ್ಲಿ, ಟ್ರೇಲರು ಬಾಲದಂತೆ ಅತ್ತಿತ್ತ ತೂಗತೊಡಗಿ ಎಳೆಯುವ ಯಂತ್ರವನ್ನೇ ಅಲುಗಿಸುತ್ತದೆ. ಕಬ್ಬಿನ ಸೀಮೆಗಳಲ್ಲಿ ಒಂದರ ಹಿಂದೊಂದು ಎರಡು ಟ್ರೇಲರುಗಳನ್ನು ಹೂಡುವ ರೂಢಿಯುಂಟು. ಆಗ ಕೊನೆಯದರ ತೂಗಾಟವೇ ಅಧಿಕ.

ಅಮೆರಿಕದಲ್ಲಿ ಕಾರಿನ ಹಿಂದೆ ವಸತಿಬಂಡಿಯನ್ನು ಎಳೆದು ಪ್ರವಾಸ ಮಾಡುವವರು ಈ ದೋಷಕ್ಕೆ ವಿಶೇಷವಾದ ಕೊಕ್ಕೆಯನ್ನು ಜೋಡಿಸುತ್ತಾರೆ. ಅದರ ಎರಡು ಉಕ್ಕಿನ ಸರಳುಗಳು ಸ್ಪ್ರಿಂಗಿನಂತೆ ಬಿಗಿಗೊಂಡು ಕೊಕ್ಕೆಯ ಮೇಲಿನ ಭಾರದ ಒಂದು ಪಾಲನ್ನು ಕಾರಿನ ಮುಂಚಕ್ರಗಳಿಗೂ ಇನ್ನೊಂದನ್ನು ಬಂಡಿಯ ಅಚ್ಚಿಗೂ ಹಂಚುತ್ತವೆ. ಕೀಲಿನಲ್ಲುಂಟಾಗುವ ಘರ್ಷಣೆ ತೂಗಾಟವನ್ನು ತಡೆಯುತ್ತದೆ. ಜೋಡಿಸುವ ಮುನ್ನ ಕಾರಿನ ಮುಂಭಾಗ ನೆಲದಿಂದ ಎಷ್ಟು ಎತ್ತರದಲ್ಲಿದೆಯೆಂದು ಅಳೆಯುತ್ತಾರೆ. ಬಂಡಿಯನ್ನು ಕೂಡಿಸಿದಾಗ ಮೇಲೆದ್ದ ಮುಂಭಾಗ ಹಳೆಯ ಅಳತೆಯ ಸಮೀಪಕ್ಕೆ ಇಳಿಯುವವರೆಗೆ ಸರಳುಗಳನ್ನು ಬಿಗಿಯುತ್ತಾರೆ. ಬಂಡಿಯ ಒಟ್ಟು ತೂಕದ ಶೇಕಡ 10ರಿಂದ 15ರಷ್ಟು ಕೊಕ್ಕೆಯ ಮೇಲಿರಬೇಕೆಂಬುದು ಅಲ್ಲಿನ ನಿಯಮ. ಹೇರೇ ತಪ್ಪಿದ್ದರೆ ಈ ಸಾಧನವೂ ಅದನ್ನು ತಿದ್ದಲಾರದು.

ತ್ಯಾವಣಿಗೆಯ ಟ್ರೇಲರಿಗೆ ಅಂಥ ಸರಳುಗಳನ್ನು ತರಿಸಬೇಕೆಂದು ನಾವು ಹೇಳುವುದಿಲ್ಲ. ಟ್ರ್ಯಾಕ್ಟರಿನ ರಚನೆಯೂ ವೇಗವೂ ಬೇರೆ. ಆದರೆ ಮೂಟೆಯನ್ನು ಅಚ್ಚಿನಿಂದ ತುಸು ಮುಂದಕ್ಕೆ ಹೇರುವ ಗಾಡಿಕಾರನ ರೂಢಿಗೂ ಆ ಶೇಕಡಾ ಲೆಕ್ಕಕ್ಕೂ ತತ್ತ್ವ ಒಂದೇ. ಗಾಡಿ ಹೊಡೆದ ಹಿರಿಯರಿಂದ ಈ ರೂಢಿಯನ್ನು ಬರೆದುಕೊಳ್ಳುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಈಗಲೇ ಕೈಗೊಳ್ಳಬೇಕು. ಭತ್ತದ ಮೂಟೆಗಳ ಮೇಲೆ ಕೂಲಿಯವರನ್ನು ಕೂರಿಸಿಕೊಂಡು ನಾಲೆಯ ಏರಿಯ ಮೇಲೆ ಸಾಗುವ ಟ್ರೇಲರುಗಳಿಗೆ ತೂಗಾಡಲು ಎರಡು ಪಕ್ಕದಲ್ಲಿಯೂ ಎಡೆಯಿಲ್ಲ.