ಗಾಜನೂರಿನಿಂದ ಕಂಡ ಮಹಿಷ

ಕೊಂಬುಳ್ಳ ಮನುಷ್ಯರೂಪಿಯೊಬ್ಬನ ಹೆಸರಿನಲ್ಲಿ ನಾಡೊಂದು ಗುರುತಾಗುವುದು ಅಪರೂಪ. ಮೈಸೂರನ್ನು ಮಹಿಷನೊಡನೆ ಬೆಸೆಯುವ ಐತಿಹ್ಯವನ್ನು ನಮ್ಮಲ್ಲಿ ಬಹುಮಟ್ಟಿಗೆ ಚಾಮುಂಡಿ ಬೆಟ್ಟದ ಮೇಲೆ ನಿಂತು ನೋಡಲಾಗಿದೆ. ಅದನ್ನೇ ತಾಳವಾಡಿಯ ಬೆಟ್ಟಸೀಮೆಯಿಂದ ನೋಡಿದರೆ ಕೆಲವು ಸಂಗತಿಗಳು ಬೇರೆಯಾಗಿ ಕಾಣುತ್ತವೆ.

ಮಾರ್ಕಂಡೇಯ ಪುರಾಣದ ದೇವೀಮಾಹಾತ್ಮ್ಯವು ಮಹಿಷನ ಹುಟ್ಟಿನ ಗೋಜಿಗೆ ಹೋಗುವುದಿಲ್ಲ. ಅಲ್ಲಿ ಅವನು ಕೋಣ, ಸಿಂಹ, ಖಡ್ಗಧಾರಿ ಪುರುಷ, ಆನೆ ಎಂದು ರೂಪ ಬದಲಿಸುತ್ತ, ಕಡೆಗೆ ಕೋಣದ ಬಾಯಿಂದ ಅರ್ಧ ಹೊರಬಂದಾಗ ಹತನಾಗುತ್ತಾನೆ. ವಂಶಾವಳಿಯನ್ನು ಕೊಡುವುದು ದೇವೀಭಾಗವತ: ತಂದೆ ರಂಭನೆಂಬ ದಾನವ, ತಾಯಿ ಎಮ್ಮೆ. ಈ ಬೆರಕೆ ಹುಟ್ಟನ್ನು ಕಲ್ಲಿನಲ್ಲಿ ತೋರುವುದು ಹೇಗೆಂಬ ಪ್ರಶ್ನೆಗೆ ಶಿಲ್ಪಿಗಳು ಒಂದೇ ಉತ್ತರ ಕೊಡಲಿಲ್ಲ. ಬಾದಾಮಿಯ ಮೊದಲ ಗುಹೆಯಲ್ಲಿ ಅವನು ಪೂರ್ತಿ ಕೋಣ. ಮಹಾಬಲಿಪುರದ ಪಲ್ಲವ ಗುಹೆಯಲ್ಲಿ ಮನುಷ್ಯನ ಮೈಗೆ ಕೊಂಬಿನ ತಲೆ. ಗದೆ ಹಿಡಿದ ಆ ನಿಲುವಿನಲ್ಲಿ ಸೋಲಿನ ದೈನ್ಯವಿಲ್ಲ. ಹೊಯ್ಸಳರಲ್ಲಿ ಕಡಿದ ಕೋಣದ ಕೊರಳಿನಿಂದ ಅಸುರ ಮೂಡುತ್ತಾನೆ. ಚಾಮುಂಡಿ ಬೆಟ್ಟದ ಇಂದಿನ ಪ್ರತಿಮೆಯಲ್ಲಂತೂ ಖಡ್ಗ, ಸರ್ಪ, ಮೀಸೆ ಎಲ್ಲವೂ ಇವೆ, ಕೊಂಬಿಲ್ಲ!

ತಮಿಳಿನ ಕಡೆಯ ಸಾಕ್ಷ್ಯ ಇದಕ್ಕಿಂತ ಹಳೆಯದು. ಅಗನಾನೂರಿನ 36ನೆಯ ಪದ್ಯವು ತಲೈಯಾಲಂಗಾನದಲ್ಲಿ ಪಾಂಡ್ಯ ನೆಡುಂಜೆಳಿಯನಿಗೆ ಇದಿರಾದವರ ಸಾಲಿನಲ್ಲಿ ‘ಎರುಮೈಯೂರನ್’ ಎಂಬುವನನ್ನು ಹೆಸರಿಸುತ್ತದೆ. ಅವನ ಊರನ್ನು ಮೈಸೂರು ಸೀಮೆಯೆಂದು ಗುರುತಿಸುವ ವಿದ್ವಾಂಸರಿದ್ದಾರೆ. ತಮಿಳಿನ ಎರುಮೈ, ಕನ್ನಡದ ಎಮ್ಮೆ ಸೋದರ ಪದಗಳು. ಅಲ್ಲಿರುವವನು ನಾಡೊಡೆಯ, ಅಸುರನಲ್ಲ. ಈ ಗುರುತನ್ನು ಒಪ್ಪುವುದಾದರೆ, ದನಗಾಹಿ ಬದುಕಿನಿಂದ ಬಂದ ಎಮ್ಮೆಯ ಹೆಸರೇ ಮೊದಲು, ಅದು ಸಂಸ್ಕೃತವಾದ ಮೇಲೆ ಅಸುರನ ಕಥೆ ಅದಕ್ಕೆ ಅಂಟಿತೆಂದು ನನಗೆ ತೋರುತ್ತದೆ. ಎರಡೂ ನುಡಿ ಬಲ್ಲ ಗಡಿಯ ಓದುಗನಿಗೆ ಈ ಕ್ರಮ ವಿಚಿತ್ರವೆನಿಸದು.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿತು. ತಾಳವಾಡಿ ಮದರಾಸು ರಾಜ್ಯದಲ್ಲೇ ಉಳಿದು, 1979ರಲ್ಲಿ ಹೊಸ ಪೆರಿಯಾರ್ (ಇಂದಿನ ಈರೋಡು) ಜಿಲ್ಲೆಯ ಪಾಲಾಯಿತು. ಮೂರು ವರ್ಷಗಳ ಬಳಿಕ, 1959ರಲ್ಲಿ, ಬಿ. ಎಸ್. ರಂಗಾ ಅವರ ‘ಮಹಿಷಾಸುರ ಮರ್ದಿನಿ’ ತೆರೆಕಂಡಿತು. ಅದರಲ್ಲಿ ಮಹಿಷನಾದವರು ಇದೇ ಸೀಮೆಯ ಗಾಜನೂರಿನಲ್ಲಿ 1929ರಲ್ಲಿ ಹುಟ್ಟಿದ ರಾಜ್‌ಕುಮಾರ್. ಮೈಸೂರಿಗೆ ಹೆಸರು ಕೊಟ್ಟನೆನ್ನಲಾದ ಅಸುರನಿಗೆ ದನಿ ಕೊಟ್ಟವರ ಹುಟ್ಟೂರು ಮೈಸೂರು ರಾಜ್ಯದೊಳಗಿರಲಿಲ್ಲ.

ಇದನ್ನು ಬರಿಯ ಕಾಕತಾಳೀಯವೆಂದು ಬಿಡಲಾಗದು. ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಕಂಸ, ರಾವಣ, ಹಿರಣ್ಯಕಶಿಪು ಪಾತ್ರಗಳಿಗೆ ಹೆಸರಾದ ರಂಗನಟರು. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿದ್ದವರು. ಮಗ 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಹಿರಣ್ಯಕಶಿಪುವಾದರು. ಕಂಪನಿ ನಾಟಕದ ಅಸುರಪಾತ್ರ ನಟನ ಕಂಠಕ್ಕೂ ಉಚ್ಚಾರಕ್ಕೂ ಒರೆಗಲ್ಲು. ಹಳೆಯ ಪದಗಳ ಗಾಂಭೀರ್ಯ ಕೆಡದಂತೆ ನುಡಿಯಬಲ್ಲವನಿಗೇ ಅದು ದಕ್ಕುತ್ತಿತ್ತು. ಶಾಲೆಯ ಕನ್ನಡ ತಲುಪದ ಕಿವಿಗಳಿಗೂ ಗ್ರಾಂಥಿಕ ಕನ್ನಡವನ್ನು ತಲುಪಿಸಿದವರಲ್ಲಿ ರಂಗದ ಅಸುರರಿಗೆ ದೊಡ್ಡ ಪಾಲಿದೆ. ಗಡಿನಾಡಿನ ಭಾಷಾಚರಿತ್ರೆ ಬರೆಯುವವರು ಪಠ್ಯಪುಸ್ತಕಗಳನ್ನು ಲೆಕ್ಕಹಾಕಿ ಇದನ್ನು ಮರೆಯುತ್ತಾರೆ.

ಅದೇ 1956ರಲ್ಲಿ ಕೇರಳದ ಪಾಲಾದ ಕಾಸರಗೋಡಿನಲ್ಲಿ ಮಹಿಷನ ಕೊಂಬು ಇನ್ನೂ ಬಿದ್ದಿಲ್ಲ. ತೆಂಕುತಿಟ್ಟಿನ ‘ದೇವೀಮಾಹಾತ್ಮ್ಯೆ’ ಪ್ರಸಂಗದಲ್ಲಿ ಅವನು ಬಣ್ಣದ ವೇಷ. ತಲೆಯ ಮೇಲೆ ಕೋಣನ ಕೊಂಬು ಹೊತ್ತು, ದೊಂದಿಗಳ ಬೆಳಕಿನಲ್ಲಿ, ಅವನು ರಂಗಸ್ಥಳಕ್ಕೆ ಬರುವುದು ಚೌಕಿಯಿಂದ ನೇರವಾಗಿ ಅಲ್ಲ, ಪ್ರೇಕ್ಷಕರ ನಡುವಿನಿಂದ.